ಗೋಡೆ ಪಾಸು

ಮಾನ್ವಿಯ ನಮ್ಮ ಮನೆಯ ಬೀದಿ ಕಡೆಯ ಗೋಡೆ ನಮ್ಮದಾಗಿರಲಿಲ್ಲ, ಟಾಕೀಸಿನವರದಾಗಿತ್ತು. ಒಳಮೈ ನಮ್ಮದು. ಅವ್ವ ಅಲ್ಲಿ ಸುಣ್ಣ ಬಳಿದು, ಗೂಟಕ್ಕೆ ಅಪ್ಪ ನೇಯ್ದ ಕಂಬಳಿ ತೂಗುಹಾಕಿ, ಗೂಡಿನಲ್ಲಿ ದೀಪ ಇಡುತ್ತಿದ್ದಳು. ಹೊರಮೈ ಮಾತ್ರ ವಾರಕ್ಕೊಮ್ಮೆ ಮುಖ ಬದಲಿಸುತ್ತಿತ್ತು. ಬಸ್ ನಿಲ್ದಾಣದಿಂದ ಸಂತೆಗೆ ಹೋಗುವ ದಾರಿ ನಮ್ಮ ಮನೆಯ ಮೂಲೆಗೇ ಹೊರಳುತ್ತಿದ್ದುದರಿಂದ ಹಳ್ಳಿಗಳಿಂದ ಬಂದವರ ಕಣ್ಣು ಮೊದಲು ಬೀಳುತ್ತಿದ್ದದ್ದು ಆ ಗೋಡೆಯ ಮೇಲೆ. ಪ್ರತಿ ಶುಕ್ರವಾರ ಬೆಳಿಗ್ಗೆ ಪೋಸ್ಟರ್ ಅಂಟಿಸುವ ಹುಸೇನಪ್ಪ ಸೈಕಲ್ಲಿಗೆ ಗಂಜಿಯ ಬಕೀಟು ಕಟ್ಟಿಕೊಂಡು ಬರುತ್ತಿದ್ದ. ಹಳೆಯ ಚಿತ್ರವನ್ನು ಸರ್ರನೆ ಹರಿದು, ಹೊಸದನ್ನು ಅಂಟಿಸಿ, ಅಂಗೈಯಿಂದ ನಾಲ್ಕು ಸಲ ನೀವಿ, ಕೊನೆಗೆ ಜೇಬಿನಿಂದ ಒಂದು ಹಳದಿ ಚೀಟಿ ತೆಗೆದು ಅಜ್ಜಿಯ ಕೈಗೆ ಕೊಡುತ್ತಿದ್ದ. ಗೋಡೆ ಬಿಟ್ಟುಕೊಟ್ಟವರಿಗೆ ಟಾಕೀಸಿನವರು ಕೊಡುವ ಮರ್ಯಾದೆ ಅದು. ಎಲ್ಲರೂ ಅದನ್ನು ಗೋಡೆ ಪಾಸು ಎನ್ನುತ್ತಿದ್ದರು. ಇಬ್ಬರಿಗೆ ಪುಕ್ಕಟೆ, ಅದೂ ಸೋಮವಾರದಿಂದ ಗುರುವಾರದೊಳಗೆ, ಮಧ್ಯಾಹ್ನದ ಆಟಕ್ಕೆ ಮಾತ್ರ. ಮೊದಲ ಮೂರು ದಿನದ ಗದ್ದಲದಲ್ಲಿ ಪುಕ್ಕಟೆ ಮಂದಿಗೆ ಜಾಗ ಇರುತ್ತಿರಲಿಲ್ಲ.

ಆ ಗೋಡೆಯಿಂದ ನಮಗೆ ಸುಖಕ್ಕಿಂತ ತಾಪತ್ರಯವೇ ಹೆಚ್ಚು. ನಮ್ಮದು ಕುರಿ ಮೇಕೆ ಕಟ್ಟಿದ ಮನೆ. ಹುಸೇನಪ್ಪನ ಗಂಜಿಯ ವಾಸನೆಗೆ ನಮ್ಮ ಮೇಕೆಗಳು ಜೀವ ಬಿಡುತ್ತಿದ್ದವು. ಅವನು ಬೆನ್ನು ತಿರುಗಿಸುವಷ್ಟರಲ್ಲಿ ನಾಯಕನ ಮೊಣಕಾಲಿನ ತನಕ ತಿಂದು ಮುಗಿಸಿರುತ್ತಿದ್ದವು. ಅವನು ಗಂಜಿಗೆ ಮೈಲುತುತ್ತ ಬೆರೆಸುತ್ತೇನೆ ಎಂದು ಹೆದರಿಸಿದ್ದಕ್ಕೆ ಅಜ್ಜಿ ಅವನ ಬಕೀಟನ್ನೇ ಕಸಿದಿಟ್ಟುಕೊಂಡಳು, ಒಂದು ವಾರ ನಮ್ಮ ಗೋಡೆಯ ಮೇಲೆ ಸಿನಿಮಾನೇ ಬದಲಾಗಲಿಲ್ಲ. ದೇವರ ಚಿತ್ರ ಬಂದ ವಾರ ಅಜ್ಜಿಯೇ ಬೀದಿಗಿಳಿದು ಊದುಬತ್ತಿ ಹಚ್ಚುತ್ತಿದ್ದಳು. ಅದೇ ಜಾಗದಲ್ಲಿ ಮರುವಾರ ಸೊಂಟದ ಮೇಲೆ ಕೈಯಿಟ್ಟು ಕುಣಿಯುವ ಹುಡುಗಿ ಬಂದಾಗ ಅವಳ ಮುಖಕ್ಕೆ ಸೆಗಣಿ ತಟ್ಟಿ, ಕುಳ್ಳು ಒಣಗಲು ಬೇರೆ ಜಾಗ ಎಲ್ಲಿದೆ ಎಂದು ಹುಸೇನಪ್ಪನನ್ನೇ ದಬಾಯಿಸುತ್ತಿದ್ದಳು.

ರಾಯಚೂರಿನಲ್ಲಿ ಓಡಿ ಸವೆದ ಮೇಲೆ ಸಿನಿಮಾ ನಮ್ಮೂರಿಗೆ ಬರುತ್ತಿತ್ತು, ನಮ್ಮಲ್ಲಿ ಸವೆದ ಮೇಲೆ ದೇವದುರ್ಗಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಅದರ ಹಾಡುಗಳು ಅರ್ಧಕ್ಕೇ ತುಂಡಾಗಿರುತ್ತಿದ್ದವು. ಒಂದು ವಾರ ಕನ್ನಡ, ಮರುವಾರ ತೆಲುಗು, ನಡುನಡುವೆ ಹಿಂದಿ. ತಗಡಿನ ಮಾಡಿನ ಆ ಟಾಕೀಸಿನಲ್ಲಿ ಹೆಂಗಸರಿಗೆ ಎಡಗಡೆ ಸೊಂಟದೆತ್ತರದ ಗೋಡೆ ಕಟ್ಟಿ ಬೇರೆ ಮಾಡಿದ್ದರು. ದೀಪ ಆರಿತೆಂದರೆ ಬುರ್ಕಾಗಳು ಮೇಲೇರುತ್ತಿದ್ದವು, ಸೆರಗಿನ ಗಂಟಿನಿಂದ ಶೇಂಗಾ ಬಿಚ್ಚಿಕೊಳ್ಳುತ್ತಿದ್ದವು, ಕೂಸುಗಳು ಮಡಿಲಲ್ಲೇ ನಿದ್ದೆ ಹೋಗುತ್ತಿದ್ದವು. ನಮ್ಮೂರ ಹೆಂಗಸರು ಅಲ್ಲಿಗೆ ಬರುತ್ತಿದ್ದದ್ದು ಅಳುವುದಕ್ಕೆ. ಹೊರಗೆ ಬಂದವಳನ್ನು ಯಾರಾದರೂ ಸಿನಿಮಾ ಹೇಗಿದೆ ಎಂದು ಕೇಳಿದರೆ, ಭಾಳ ಚಲೋ ಅದ, ಅತ್ತೂ ಅತ್ತೂ ಸಾಕಾತು ಎನ್ನುತ್ತಿದ್ದಳು. ಅಳಿಸದ ಸಿನಿಮಾ ಹೆಚ್ಚಾಗಿ ಮೂರನೆಯ ದಿನಕ್ಕೇ ಪೆಟ್ಟಿಗೆ ಕಟ್ಟುತ್ತಿತ್ತು.

ಪಾಸಿನ ಮೇಲೆ ಯಾರು ಹೋಗಬೇಕು ಎಂಬುದು ನಮ್ಮ ಮನೆಯ ವಾರದ ಜಗಳ. ಅಪ್ಪ ಮಗ್ಗ ಬಿಟ್ಟು ಏಳುತ್ತಿರಲಿಲ್ಲ. ಅವ್ವನನ್ನು ಒಲೆ ಬಿಡುತ್ತಿರಲಿಲ್ಲ. ಪರದೆ ಬಟ್ಟಿ ಮ್ಯಾಲಿನ ಮಂದಿಯ ಸಂಸಾರ ಕಟ್ಟಿಕೊಂಡು ನನಗೇನಾಗಬೇಕು ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು. ಆದರೆ ಆ ಮಂದಿಯ ಸಂಸಾರ ಕೇಳದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅದಕ್ಕೇ ಅವಳೊಂದು ಕಟ್ಟಳೆ ಮಾಡಿದ್ದಳು. ಪಾಸಿಗೆ ಹೋದವರು ಸಂಜೆ ಊಟಕ್ಕೆ ಕುಳಿತಾಗ ಇಡೀ ಕಥೆಯನ್ನು ಒಂದೂ ಬಿಡದೆ ಒಪ್ಪಿಸಬೇಕು. ಹಾಡು ಬಿಟ್ಟರೆ ನಡೆಯುತ್ತಿತ್ತು, ಯಾರು ಯಾಕೆ ಸತ್ತರು ಎಂಬುದನ್ನು ಬಿಡುವ ಹಾಗಿರಲಿಲ್ಲ. ಒಂಬತ್ತು ವರ್ಷದ ನನಗೆ ಕಥೆ ಹೇಳುವುದೆಂದರೆ ಹಬ್ಬ. ಇದ್ದದ್ದಕ್ಕೆ ಎರಡು ಸೇರಿಸಿ ಹೇಳುವ ಚಟ ಆಗಲೇ ಅಂಟಿಕೊಂಡಿತ್ತು. ಹಾಗಾಗಿ ಇಬ್ಬರಲ್ಲಿ ಒಬ್ಬಳು ನಾನು ಎಂಬುದು ಖಾಯಮ್ಮಾಯಿತು. ಇನ್ನೊಬ್ಬಳು ನನ್ನ ಸೋದರತ್ತೆ ಮಾಳಮ್ಮ.

ಮಾಳತ್ತೆ ಅಪ್ಪನ ಒಬ್ಬಳೇ ತಂಗಿ. ದೇವದುರ್ಗದ ಆಚೆ ಜಾಲಹಳ್ಳಿಗೆ ಕೊಟ್ಟಿದ್ದರು. ನಾಲ್ಕು ವರ್ಷ ಬಾಳಿದರೂ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡ ದಿನವೇ ಅವಳು ಒಂದು ಗಂಟು ಹಿಡಿದು, ಎರಡು ಬಸ್ಸು ಬದಲಿಸಿ, ನಮ್ಮ ಬಾಗಿಲಿಗೆ ಬಂದು ನಿಂತಳಂತೆ. ನನಗೆ ನೆನಪಿರುವುದು ಆ ಸಂಜೆ ಅಪ್ಪ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ಬಂದದ್ದು. ಅವನು ಏನನ್ನೂ ಕೇಳಲಿಲ್ಲ. ಅವಳ ಕೈಯಿಂದ ಗಂಟು ಇಸಿದುಕೊಂಡು ಒಳಗಿಟ್ಟು, ನೀರು ಕುಡಿ ಎಂದ, ಅಷ್ಟೇ. ಅಜ್ಜಿ ಮಾತ್ರ ಮರುದಿನವೇ ಮಗಳನ್ನು ಕೂರಿಸಿಕೊಂಡು ಒಂದು ಮಾತು ಹೇಳಿಬಿಟ್ಟಳು.

"ಇರು, ಬ್ಯಾಡನ್ನಂಗಿಲ್ಲ. ಆದ್ರ ಈ ಹೊಸ್ತಿಲೊಳಗ ಕಣ್ಣೀರು ಹಾಕಬ್ಯಾಡ. ತವರಾಗ ಹೆಣ್ಣು ಅತ್ರ ಅಣ್ಣನ ಮನಿ ಏಳಿಗಿ ಆಗಂಗಿಲ್ಲ."

ಅತ್ತೆ ಆ ಮಾತನ್ನು ನಡೆಸಿಕೊಟ್ಟಳು. ಅವಳು ಮನೆಯಲ್ಲಿ ಅತ್ತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅಳುತ್ತಿದ್ದದ್ದು ಟಾಕೀಸಿನಲ್ಲಿ. ದೀಪ ಆರುತ್ತಲೇ ಅವಳು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಪರದೆಯ ಮೇಲೆ ಮದುವೆ ನಡೆಯಲಿ, ಹೆಣ ಬೀಳಲಿ, ಅವಳು ಸದ್ದಿಲ್ಲದೆ ಅಳುತ್ತಿದ್ದಳು. ಸುತ್ತಲಿನ ನಲವತ್ತು ಹೆಂಗಸರೂ ಅಳುತ್ತಿದ್ದುದರಿಂದ ಯಾರಿಗೂ ಅದು ಕಾಣುತ್ತಿರಲಿಲ್ಲ. ಆಟ ಮುಗಿದ ಮೇಲೆ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು, ಮನೆ ತಲುಪುವ ಹೊತ್ತಿಗೆ ಮೊದಲಿನಂತೆ ಆಗಿರುತ್ತಿದ್ದಳು. ಅವಳನ್ನು ಸಿನಿಮಾಕ್ಕೆ ಕಳಿಸಲು ಅಜ್ಜಿ ತಕರಾರು ತೆಗೆಯದಿದ್ದುದಕ್ಕೂ ಕಾರಣವಿತ್ತು. ಮಧ್ಯಾಹ್ನದ ಹೊತ್ತಿಗೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಬಂದು ಕೂರುತ್ತಿದ್ದರು, ಮಾತು ಎಲ್ಲಿಂದ ಶುರುವಾದರೂ ಜಾಲಹಳ್ಳಿಗೇ ಬಂದು ನಿಲ್ಲುತ್ತಿತ್ತು. ಮಗಳು ಎದುರಿಗೆ ಇಲ್ಲದಿದ್ದರೆ ಅಜ್ಜಿಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಅಪ್ಪನಿಗೆ ತಂಗಿಯ ಮೇಲೆ ಎಷ್ಟು ಜೀವವಿತ್ತು ಎಂಬುದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ. ಒಮ್ಮೆ ಕಂಬಳಿ ಮಾರಲು ರಾಯಚೂರಿಗೆ ಹೊರಟಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಪೇಟೆಯ ಕೆಲಸ ಮುಗಿಸಿ, ಯಾವತ್ತೂ ಸಿನಿಮಾ ನೋಡದ ಮನುಷ್ಯ ನಮ್ಮನ್ನು ದೊಡ್ಡ ಟಾಕೀಸಿನ ಬಾಲ್ಕನಿಗೆ ಹತ್ತಿಸಿದ. ಫ್ಯಾನಿನ ಗಾಳಿಗೆ ಹತ್ತು ನಿಮಿಷದಲ್ಲಿ ಅವನಿಗೆ ನಿದ್ದೆ ಹತ್ತಿತು. ಆ ದಿನ ಅತ್ತೆ ಸಿನಿಮಾ ಬಿಟ್ಟು ಅಣ್ಣನ ಮುಖವನ್ನೇ ನೋಡುತ್ತ ಕುಳಿತಿದ್ದಳು, ಅವನ ತಲೆ ವಾಲಿದಾಗಲೆಲ್ಲ ಭುಜ ಕೊಡುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ.

"ಹ್ಯಾಂಗಿತ್ತು ಸಿನಿಮಾ?"

"ಚಲೋ ಇತ್ತಣ್ಣ."

ಆ ಎರಡು ಮಾತಿಗೆ ಅಪ್ಪ ವಾರವಿಡೀ ಖುಷಿಯಾಗಿದ್ದ, ಮೇಕೆಗಳನ್ನು ಕೂಡ ಬೈಯಲಿಲ್ಲ.

ಅವಳು ಬಂದು ಮೂರು ವರ್ಷವಾಗುವ ಹೊತ್ತಿಗೆ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ನಮ್ಮಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಮಗ್ಗಕ್ಕೆ ಕೂರುವವರು ಗಂಡಸರು. ಅತ್ತೆ ನೂಲುತ್ತ ನೂಲುತ್ತ ಅಪ್ಪನ ಕೈಯನ್ನೇ ಗಮನಿಸುತ್ತಿದ್ದಳು. ಒಂದು ದಿನ ಅಪ್ಪ ಕುಣಿಯಿಂದ ಮೇಲೆ ಬಂದು, ನೀನ ಕೂಡು ನೋಡೋಣ ಎಂದ. ಅಜ್ಜಿ ಗೊಣಗಿದಳು, ಓಣಿಯವರು ನಕ್ಕರು. ಅಪ್ಪ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ತಿಂಗಳೊಳಗೆ ಅವಳು ಕಂಬಳಿಯ ಅಂಚು ಹಿಡಿಯುವುದನ್ನು ಕಲಿತಳು. ಹಾಡನ್ನು ಗುನುಗಲು ಶುರುಮಾಡಿದಳು. ನನ್ನ ಜಡೆಯನ್ನು ಎಳೆದು ಛೇಡಿಸುತ್ತಿದ್ದಳು. ನಾನು ಇದನ್ನೆಲ್ಲ ನೋಡಿದ್ದೆ. ನೋಡಿಯೂ ಏನೂ ತಿಳಿಯದ ವಯಸ್ಸು ಅದು ಎಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಆದರೆ ಸಮಾಧಾನ ಆಗುವುದಿಲ್ಲ.

ಆ ವಾರ ಬಂದದ್ದು ತೆಲುಗಿನ ನಗೆ ಸಿನಿಮಾ. ಇಬ್ಬರು ಗೆಳೆಯರು ಒಂದೇ ಮನೆಗೆ ಅಳಿಯರಾಗಲು ಹೋಗಿ ಪಡುವ ಪಾಡು. ಟಾಕೀಸಿನ ತಗಡು ಹಾರಿಹೋಗುವಂತೆ ಮಂದಿ ನಗುತ್ತಿದ್ದರು. ನನ್ನ ಪಕ್ಕದ ಹೆಂಗಸು ನಕ್ಕೂ ನಕ್ಕೂ ಬಿಕ್ಕಳಿಕೆ ಹತ್ತಿಸಿಕೊಂಡಿದ್ದಳು. ನಾನೂ ಹೊಟ್ಟೆ ಹಿಡಿದುಕೊಂಡು ಅತ್ತೆಯ ಕಡೆ ತಿರುಗಿದೆ. ಮೊದಲರ್ಧವೆಲ್ಲ ನಕ್ಕಿದ್ದ ಅವಳು ಈಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಯಾವತ್ತಿನಂತೆ ಸದ್ದಿಲ್ಲದೆ ಅಲ್ಲ, ಹೆಗಲು ಅಲುಗುವಂತೆ. ಏನಾತು ಅತ್ತಿ ಎಂದೆ. ಅವಳು ತಲೆಯಾಡಿಸಿ, ಏನಿಲ್ಲ, ನೀ ಸಿನಿಮಾ ನೋಡು ಎಂದಳು. ನಾನು ನೋಡಿದೆ. ಮುಂದಿನ ತಮಾಷೆಗೆ ಮತ್ತೆ ನಕ್ಕೆ.

ಆ ಸಂಜೆ ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ಅಪ್ಪ, ಅಜ್ಜಿ, ನಾನು ಸಾಲಾಗಿ ಕುಳಿತಿದ್ದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಹಿತ್ತಲಲ್ಲಿ ಮೇಕೆಗಳಿಗೆ ನೀರು ಕುಡಿಸಿ ಕಟ್ಟುತ್ತಿದ್ದಳು. ಕಥೆ ಶುರುವಾಯಿತು. ಅವತ್ತು ನನ್ನ ಕೈಗೆ ಸಿಕ್ಕದ್ದು ನಗೆಯ ಕಥೆ, ನಾನು ಎದ್ದು ನಿಂತು ಅಭಿನಯಿಸಿಯೇ ತೋರಿಸಿದೆ. ಅಪ್ಪ ನಕ್ಕ. ಅಜ್ಜಿಗೆ ನಕ್ಕು ಕೆಮ್ಮು ಬಂತು. ಅವರನ್ನು ಇನ್ನಷ್ಟು ನಗಿಸಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಕೊನೆಗೆ ಹೇಳಿದೆ.

"ಎಲ್ಲಾರೂ ನಗಾಕತ್ತಿದ್ರು, ಅತ್ತಿ ಒಬ್ಬಾಕೀನ ಅಳಾಕತ್ತಿದ್ಲು. ಸಿನಿಮಾ ಮುಗಿಯೋ ಮಟ."

ಯಾರೂ ನಗಲಿಲ್ಲ. ಅಪ್ಪನ ಕೈಯಲ್ಲಿನ ತುತ್ತು ತಾಟಿಗೆ ವಾಪಸು ಹೋಯಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು, ಎಷ್ಟು ಹೊತ್ತು ಅತ್ತಳು, ಹೇಗೆ ಅತ್ತಳು, ಮೊದಲೂ ಅಳುತ್ತಿದ್ದಳೇ ಎಂದು ಒಂದೊಂದೇ ಕೇಳಿದಳು. ನಾನು ಎಲ್ಲವನ್ನೂ ಒಪ್ಪಿಸಿದೆ. ಪಾಸಿಗೆ ಹೋದವರು ಏನನ್ನೂ ಬಿಡಬಾರದು ಎಂಬ ಕಟ್ಟಳೆ ಇತ್ತಲ್ಲ.

"ನಗೋ ಸಿನಿಮಾದಾಗೂ ಅತ್ತಾಳಂದ್ರ ಅಕಿ ಮನಸ್ಸು ಇಲ್ಲಿಲ್ಲ," ಎಂದಳು ಅಜ್ಜಿ. "ಗಂಡನ ಹತ್ರನ ಅದ. ಬಾಯಿಬಿಟ್ಟು ಹೇಳಾಕ ಆಗವಲ್ದು, ಅಷ್ಟ."

ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ.

"ಮಗ್ಗದ ಮುಂದ ಖುಷಿಲೆ ಇರ್ತಾಳಲ್ಲವ್ವ."

"ನಿನ್ನ ಮುಂದ ಇರ್ತಾಳ. ನಿನಗ ತ್ರಾಸಾಗಬಾರದಂತ. ಹೆಣ್ಣಿನ ಮನಸ್ಸು ನಿನಗೇನು ತಿಳಿತದ?"

ಅಷ್ಟರಲ್ಲಿ ಅತ್ತೆ ಕೈತೊಳೆದುಕೊಂಡು ಒಳಗೆ ಬಂದಳು, ಮಾತು ನಿಂತಿತು. ಅವಳು ನನ್ನ ತಲೆ ಸವರಿ, ಕಥಿ ಹೇಳಿ ಮುಗಿಸಿದ್ಯಾ ಎಂದು ಕೇಳಿದಳು. ಹೂಂ ಎಂದೆ.

ಅವಳನ್ನೇ ಕೇಳಬಹುದಿತ್ತು. ಒಂದು ಮಾತು, ಯಾಕೆ ಅಳುತ್ತಿದ್ದಿ ತಾಯಿ ಎಂದು. ನಮ್ಮ ಮನೆಯಲ್ಲಿ ಅದನ್ನು ಕೇಳುವ ರೂಢಿ ಇರಲಿಲ್ಲ. ಕೇಳಿದರೆ ಹೆಣ್ಣಿನ ಮಾನ ಹೋಗುತ್ತದೆ, ಕೇಳದೆ ಅರಿತುಕೊಳ್ಳುವುದೇ ದೊಡ್ಡತನ ಎಂದು ನಂಬಿದ ಮಂದಿ. ಅರಿತುಕೊಂಡೆವು ಎಂದುಕೊಂಡು ಅಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಜಾಲಹಳ್ಳಿಗೆ ಹೋದ. ತನಗೆ ಆಗದ ಮನುಷ್ಯನ ಮುಂದೆ ಕೈಕಟ್ಟಿ ನಿಂತು, ನನ್ನ ತಂಗಿಯನ್ನು ಕರೆಸಿಕೊ ಎಂದು ಕೇಳಿಕೊಂಡನಂತೆ. ತಂಗಿಯ ಸಲುವಾಗಿ ಅಪ್ಪ ಮಾಡಿದ ಅತಿ ಕಷ್ಟದ ಕೆಲಸ ಅದು. ಎಂಟು ದಿನಕ್ಕೆ ಆ ಗಂಡ ನಮ್ಮ ಪಡಸಾಲೆಯಲ್ಲಿ ಬಂದು ಕುಳಿತ. ಅತ್ತೆ ಕುಣಿಯಲ್ಲಿ ಕುಳಿತು ನೇಯುತ್ತಿದ್ದಳು. ಅಜ್ಜಿ ಹೋಗಿ ಅವಳ ಭುಜ ಮುಟ್ಟಿದಳು.

"ಏಳವ್ವ, ಕರಿಯಾಕ ಬಂದಾನ. ಸೀರಿ ಬದಲಿಸು."

ಅತ್ತೆ ಕೇಳಿದ್ದು ಒಂದೇ ಮಾತು.

"ಅಣ್ಣನೂ ಹೂಂ ಅಂದಾನ?"

"ಅವನ ಹೋಗಿ ಮಾತಾಡಿ ಬಂದಾನ."

ಅವಳು ಎದ್ದಳು. ಅವ್ವ ಅವಳಿಗೆ ಉಡಿ ತುಂಬಿದಳು. ಅಪ್ಪ ಗಂಟನ್ನು ಹೊತ್ತು ದೇವದುರ್ಗದ ಬಸ್ಸಿನವರೆಗೆ ಹೋದ. ಅವಳು ಅವನ ಕಡೆ ನೋಡಲೇ ಇಲ್ಲವೆಂದು, ನಾಚಿಕೆಗೆ ಇರಬೇಕು ಎಂದು, ಅವನು ಮನೆಗೆ ಬಂದು ಅವ್ವನ ಹತ್ತಿರ ಹೇಳಿದ. ಮರುವಾರದ ಪಾಸಿಗೆ ನಾನು ಅವ್ವನ ಜೊತೆ ಹೋದೆ. ಒಲೆಯ ಚಿಂತೆಯಲ್ಲಿ ಅವಳು ಅರ್ಧಕ್ಕೇ ಎದ್ದಳು. ಮುಂದೆ ನನಗೂ ಅದರ ರುಚಿ ಹೋಯಿತು.

ಜಾಲಹಳ್ಳಿಯಲ್ಲಿ ಅವಳ ಬಾಳು ಹೇಗಿತ್ತೆಂದು ಬಿಡಿಸಿ ಹೇಳಲು ನನಗೆ ಮನಸ್ಸಿಲ್ಲ. ಸವತಿಯ ಮಕ್ಕಳನ್ನು ಬೆಳೆಸಿದಳು, ಹೊಲ ಕಳೆ ಎಂದು ದುಡಿದಳು, ಕೊನೆಗಾಲದಲ್ಲಿ ಗಂಡನ ಹೇಲು ಉಚ್ಚೆ ಬಳಿದಳು. ನಮ್ಮ ಮನೆಗೆ ಮದುವೆ ಮುಂಜಿಗೆ ಬರುತ್ತಿದ್ದಳು. ಪಡಸಾಲೆಯ ತುದಿಯಲ್ಲಿ ಕುಳಿತು, ನೀರು ಕುಡಿದು, ಊಟ ಬೇಡ, ಉಂಡು ಬಂದೀನಿ ಎಂದು ಎದ್ದುಬಿಡುತ್ತಿದ್ದಳು. ಮಗ್ಗ ಇದ್ದ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ಅಪ್ಪ ಎದುರು ಬಂದರೆ ಸೆರಗು ಸರಿಪಡಿಸಿಕೊಂಡು ನೆಲ ನೋಡುತ್ತಿದ್ದಳು. ಅವನು ಮುದುಕನಾದ ಮೇಲೆ ನನ್ನ ಮುಂದೆ ಎಷ್ಟೋ ಸಲ ಹೇಳಿಕೊಂಡ.

"ಅಕಿ ಒಳ್ಳೇದಕ್ಕ ಅಂತ ಮಾಡಿದೆ ನಿಂಗವ್ವ. ಯಾಕ ಮುಖ ಕೊಟ್ಟು ಮಾತಾಡಂಗಿಲ್ಲ, ತಿಳಿವಲ್ದು."

ಇದು ತಿಳಿಯದೆಯೇ ಅಪ್ಪ ಹೋದ. ಅವನ ಮಣ್ಣಿಗೆ ಅತ್ತೆ ಬಂದಿದ್ದಳು. ಹೆಂಗಸರೆಲ್ಲ ಹೆಣದ ಮೇಲೆ ಬಿದ್ದು ಅಳುವಾಗ ಅವಳು ಕಂಬಕ್ಕೊರಗಿ ಕುಳಿತಿದ್ದಳು, ಕಣ್ಣು ಒದ್ದೆಯಾಗಲಿಲ್ಲ. ಎಂಥ ಕಲ್ಲು ಮನಸ್ಸು ಎಂದು ಓಣಿಯವರು ಆಡಿಕೊಂಡರು. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡೆ. ಅದಾಗಿ ಹನ್ನೊಂದು ವರ್ಷ.

ನಾನು ಈಗ ರಾಯಚೂರಿನಲ್ಲಿ ಶಾಲೆಯ ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿ ಕುಳಿತಿದ್ದೇನೆ. ನಮ್ಮೂರ ಟಾಕೀಸನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಿದ್ದಾರೆ, ರಸ್ತೆ ಅಗಲ ಮಾಡುವಾಗ ನಮ್ಮ ಗೋಡೆಯೂ ಹೋಯಿತು. ಹಳೆಯ ಗೆಳತಿಯರು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಈಚೆಗೆ ಅಲ್ಲಿ ಹಳೆಯ ಟಾಕೀಸುಗಳ ಫೋಟೋಗಳ ಸುಗ್ಗಿ. ಯಾವ ಟಾಕೀಸಿನಲ್ಲಿ ಯಾವ ಸಿನಿಮಾ ಎಷ್ಟು ವಾರ ಓಡಿತು, ಮಿರ್ಚಿ ಎಲ್ಲಿ ಚೆನ್ನಾಗಿರುತ್ತಿತ್ತು, ಎಲ್ಲರಿಗೂ ಎಲ್ಲ ನೆನಪು. ಒಂದು ದಿನ ಒಬ್ಬಳು, ಮಾನ್ವಿಯಲ್ಲಿ ನಾವು ಅತಿ ಹೆಚ್ಚು ನಕ್ಕ ಸಿನಿಮಾ ಯಾವುದು ಎಂದು ಕೇಳಿದಳು. ನಾಲ್ಕು ಜನ ಆ ತೆಲುಗು ಸಿನಿಮಾದ ಹೆಸರನ್ನೇ ಬರೆದರು. ನಾನು ಮೊಬೈಲನ್ನು ಬೋರಲು ಹಾಕಿದೆ. ಮರುದಿನ ಜಾಲಹಳ್ಳಿಯ ಬಸ್ಸು ಹತ್ತಿದೆ.

ಅತ್ತೆ ಅಂಗಳದ ನೆರಳಿನಲ್ಲಿ ಕುಳಿತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಕಿವಿ ಚುರುಕಾಗಿಯೇ ಇದೆ, ಕಣ್ಣು ಮಂದ. ನಾನೂ ಎರಡು ಕಾಯಿ ಕೈಗೆತ್ತಿಕೊಂಡು ಪಕ್ಕ ಕುಳಿತೆ. ಸುತ್ತಿ ಬಳಸಲು ಹೋಗಲಿಲ್ಲ.

"ಅತ್ತಿ, ನೀ ನಗೋ ಸಿನಿಮಾದಾಗ ಅತ್ತಿದ್ದನ್ನ ನಾ ಮನ್ಯಾಗ ಹೇಳಿಬಿಟ್ಟೆ. ಅದಕ್ಕ ನಿನ್ನ ಇಲ್ಲಿಗಿ ಕಳಿಸಿದ್ರು. ನನ್ನಿಂದ ತಪ್ಪಾತು."

ಅವಳ ಕೈ ನಿಂತಿತು.

"ಏನ್ ಹೇಳಿದ್ದಿ? ಯಾರ ಮುಂದ?"

ಆಗ ನನಗೆ ಗೊತ್ತಾಯಿತು, ಇದು ಅವಳಿಗೆ ತಿಳಿದೇ ಇರಲಿಲ್ಲ. ನಾನು ಆ ಸಂಜೆಯ ಊಟ, ಅಜ್ಜಿಯ ಮಾತು, ಅಪ್ಪನ ಮಾತು, ಎಲ್ಲವನ್ನೂ ಹೇಳಿದೆ. ಈ ಸಲ ಏನನ್ನೂ ಸೇರಿಸಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವನ ನೆನಪಿಗೆ ಅತ್ತಿದ್ದಿಲ್ಲ ನಾನು," ಎಂದಳು. "ಅವತ್ತು ನಕ್ಕೋತ ಕುಂತಾಗ ತಟ್ಟನೆ ಹೊಳೀತು. ಮುಂಜಾನಿಂದ ಅವನ ನೆನಪು ಒಮ್ಮಿನೂ ಬಂದಿಲ್ಲಲ್ಲ ಅಂತ. ಮೂರು ವರ್ಷಕ್ಕ ಅದ ಮೊದಲನೇ ದಿನ. ಪಾರಾದೆ ಅಂತ ಅಳು ಬಂತು."

ಕೈಯಲ್ಲಿದ್ದ ಶೇಂಗಾವನ್ನು ಸುಲಿಯದೆ ಅವಳ ಮುಂದಿನ ಮೊರಕ್ಕೆ ವಾಪಸು ಹಾಕಿದೆ. ಅವಳೇ ಕೇಳಿದಳು.

"ಹಂಗಾದ್ರ ನಿಮ್ಮಪ್ಪ ನನ್ನ ಭಾರ ಆತಂತ ಕಳಿಸಿದ್ದಲ್ಲ?"

"ಇಲ್ಲತ್ತಿ. ನಿನಗ ಗಂಡ ಬೇಕಾಗ್ಯಾನ ಅಂತ ತಿಳಕೊಂಡು, ಅವನ ಕಾಲು ಹಿಡದು ಬಂದಿದ್ದ."

"ಮಗ್ಗ ಕಲಿಸಿ, ಮ್ಯಾಲ ಬ್ಯಾಸರಾತೇನೋ ಅಂತ ಅಂದಕೊಂಡಿದ್ದೆ," ಎಂದಳು. "ಇಷ್ಟು ದಿನ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಸುಲಿದ ಕಾಳು ನೆಲಕ್ಕೆ ಚೆಲ್ಲಿತು. ಮೊದಲು ಗಂಟಲಿನಿಂದ ಒಂದು ಸದ್ದು ಬಂತು, ಆಮೇಲೆ ಎದೆ ಎದೆ ಬಡಿದುಕೊಂಡು, ಓಣಿಗೆಲ್ಲ ಕೇಳುವಂತೆ ಅಳತೊಡಗಿದಳು. ಅಣ್ಣಾ, ಅಣ್ಣಾ ಎಂಬುದು ಬಿಟ್ಟರೆ ಬೇರೆ ಮಾತಿಲ್ಲ. ನಾನು ಹಿಡಿದುಕೊಳ್ಳಲು ಹೋದರೆ ನನ್ನ ಕೈಯನ್ನು ತಳ್ಳಿದಳು. ಸವತಿಯ ಸೊಸೆ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿಬಂದಳು.

"ಏನಾತು ಅತ್ತಿ, ಯಾಕ ಅಳಾಕತ್ತೀರಿ?"

"ನಮ್ಮಣ್ಣ ಸತ್ತಾನವ್ವ," ಎಂದಳು ಮಾಳತ್ತೆ.